ಜೀರ್ಣರಥೋದ್ಧಾರ: ಒಂದು ವಿಚಾರ

ಸಂಪಾದಕ ಮಂಡಳಿಯ ಮಹನೀಯರು ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಅಪ್ಪಣೆ ಮಾಡಿದಾಗ, ಅವರು ನನ್ನಿಂದ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಬರಹವನ್ನು ನಿರೀಕ್ಷಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಮೋಟಾರು ನಡೆಸಲು ಬಾರದ, ಸೈಕಲ್ಲನ್ನು ಕೂಡ ನಲವತ್ತರ ಅನಂತರ ಗೋಡೆಗೆ ಒರಗಿಸಿಬಿಟ್ಟ ಕನ್ನಡ ಪಂಡಿತನೊಬ್ಬನು ಹಳೆಯ ಅಮೆರಿಕನ್ ಕಾರುಗಳ ಜೀರ್ಣೋದ್ಧಾರವನ್ನು ಕುರಿತು ಬರೆಯಹೊರಟರೆ ವಾಚಕರಿಗೆ ನಗು ಬರುವುದು ಸಹಜ. ಆದರೆ ಕಳೆದ ಎರಡು ವರ್ಷಗಳಲ್ಲಿ ಬನಹಟ್ಟಿಯ ಒಂದು ಲೇಥ್ ಮಷಿನ್ ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ಕುಳಿತು ನಾನು ಕಲಿತ ಪಾಠವು ಗ್ರಂಥಸಂಪಾದನಶಾಸ್ತ್ರದ ಪಾಠವೇ ಆಗಿತ್ತಾದುದರಿಂದ, ಅದನ್ನು ಇಲ್ಲಿ ನಿವೇದಿಸಿಕೊಳ್ಳುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಆ ಅಂಗಡಿಯ ಯಜಮಾನನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಮಗ್ಗಗಳ ಬಿಡಿಭಾಗಗಳನ್ನು ಕಡೆದುಕೊಡುವುದು ಅವನ ಕಸುಬು. ಅವನ ಅಜ್ಜನವರು 1950ರ ಸುಮಾರಿಗೆ ಕೊಂಡ ಡಾಡ್ಜ್ ಕಾರೊಂದು ಮನೆಯ ಹಿತ್ತಲಿನ ಬೇವಿನ ಮರದಡಿಯಲ್ಲಿ ಕೋಳಿಗಳಿಗೆ ಗೂಡಾಗಿ ನಿಂತಿತ್ತು. ಅದನ್ನು ಮತ್ತೆ ನಡೆಯುವಂತೆ ಮಾಡಬೇಕೆಂಬ ಹಂಬಲ ಅವನಿಗೆ ಹುಟ್ಟಿತು. ಆ ಕೆಲಸದ ನಡುವೆ ಅವನಿಗೆ ಬಂದ ಒಂದು ಸಂದೇಹವನ್ನು ಹೊತ್ತುಕೊಂಡು ಯಾವ ಮಿಸ್ತ್ರಿಯ ಬಳಿಗೂ ಹೋಗದೆ ನನ್ನ ಬಳಿಗೆ ಬಂದ. ಆ ಸಂದೇಹವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಕೆಲವು ಶಬ್ದಗಳ ವಿಚಾರ. ಪಂಡಿತನ ಚಪಲವೆಂದು ಕ್ಷಮಿಸಬೇಕು.

ಇಂಥ ಹಳೆಯ ಗಾಡಿಗಳನ್ನು 'ವಿಂಟೇಜ್' ಎಂದೂ 'ಕ್ಲಾಸಿಕ್' ಎಂದೂ ಕರೆಯುವುದು ವಾಡಿಕೆ. ಮೊದಲನೆಯ ಶಬ್ದವು ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದುದು. ದ್ರಾಕ್ಷಿಯ ಸುಗ್ಗಿ ಎಂಬುದು ಅದರ ಮೂಲಾರ್ಥ. ಯಾವ ವರ್ಷದ ಸುಗ್ಗಿಯ ದ್ರಾಕ್ಷಿಯಿಂದ ಮದ್ಯವನ್ನು ಇಳಿಸಿದರೋ ಆ ವರ್ಷದ ಹೆಸರಿನಿಂದ ಅದಕ್ಕೆ ಬೆಲೆ. ನಮ್ಮ ವಿಜಾಪುರ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನ ಹವ್ಯಾಸಿಗಳು 1919ರಿಂದ 1930ರವರೆಗೆ ತಯಾರಾದ ಗಾಡಿಗಳಿಗೆ ಮಾತ್ರ ಈ ಹೆಸರನ್ನು ಮೀಸಲಾಗಿಟ್ಟರು. ಎರಡನೆಯ ಶಬ್ದವು ಮೊದಲ ದರ್ಜೆಗೆ ಸೇರಿದುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿತು. 2008ರಲ್ಲಿ ನಮ್ಮ ಕನ್ನಡಕ್ಕೆ ದೊರೆತ ಶಾಸ್ತ್ರೀಯ ಭಾಷೆಯ ಸ್ಥಾನಮಾನದ ಇಂಗ್ಲಿಷ್ ಹೆಸರಿನಲ್ಲಿ ಇರುವುದೂ ಇದೇ ಮೂಲದ ಮಾತು. ಇನ್ನು 'ಕಾರು' ಎಂಬ ಶಬ್ದವು ನಮ್ಮಲ್ಲಿ ಮೊದಲೇ ಇತ್ತು. ಕಾರು ಎಂದರೆ ಮಳೆಗಾಲ, ಮುಂಗಾರು, ಕಾರಹುಣ್ಣಿಮೆ. ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವ ಹಬ್ಬದ ಹೆಸರಿನಲ್ಲಿರುವ ಕಾರಿಗೂ ಅಮೆರಿಕದಿಂದ ಬಂದ ಕಾರಿಗೂ ಯಾವ ಸಂಬಂಧವೂ ಇಲ್ಲವೆಂದು ಪ್ರತಿವರ್ಷ ಎಂಟನೆಯ ಇಯತ್ತೆಯ ಒಬ್ಬನಿಗಾದರೂ ನಾನು ಹೇಳಬೇಕಾಗುತ್ತದೆ. ವ್ಯಂಜನಾಂತವಾದ ಪರಭಾಷೆಯ ಪದಕ್ಕೆ ಉಕಾರವನ್ನು ಹಚ್ಚಿ ನಮ್ಮದನ್ನಾಗಿಸಿಕೊಳ್ಳುವ ಕ್ರಮವು ಕಾರು, ಗೇರು, ಬೋಲ್ಟು, ರಿಂಗುಗಳವರೆಗೂ ನಡೆದುಬಂದಿದೆ. ಕೇಶಿರಾಜನು ಇಂದು ಇದ್ದಿದ್ದರೆ ತನ್ನ ಅಪಭ್ರಂಶ ಪ್ರಕರಣಕ್ಕೆ ಉದಾಹರಣೆಗಳನ್ನು ಆರಿಸಲು ಗ್ಯಾರೇಜಿಗೆ ಬರುತ್ತಿದ್ದನೆಂದು ನನಗೆ ಅನ್ನಿಸುವುದುಂಟು.

ಮೋಟಾರು ಗಾಡಿಯು ಬಂಡಿಯ ಸಂತಾನವೆಂಬುದಕ್ಕೆ ಶಬ್ದಗಳಿಗಿಂತಲೂ ಗಟ್ಟಿಯಾದ ಸಾಕ್ಷ್ಯವಿದೆ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಿನಲ್ಲಿ 1852ರಲ್ಲಿ ಸ್ಟೂಡಿಬೇಕರ್ ಸಹೋದರರು ಕಮ್ಮಾರಿಕೆಯ ಕುಲುಮೆಯನ್ನು ಹೂಡಿದರು. ಅವರು ಮಾಡುತ್ತಿದ್ದುದು ಕುದುರೆ ಬಂಡಿಗಳನ್ನು. 1902ರಲ್ಲಿ ವಿದ್ಯುತ್ತಿನ ಗಾಡಿಯನ್ನೂ 1904ರಲ್ಲಿ ಪೆಟ್ರೋಲಿನ ಗಾಡಿಯನ್ನೂ ಹೊರತಂದ ಮೇಲೂ 1920ರವರೆಗೆ ಅವರ ಕಾರಖಾನೆಯಲ್ಲಿ ಬಂಡಿಗಳು ತಯಾರಾಗುತ್ತಲೇ ಇದ್ದವು. ಸೌತ್ ಬೆಂಡಿನ ಕಾರಖಾನೆಯು 1963ರ ಡಿಸೆಂಬರಿನಲ್ಲಿ ಮುಚ್ಚಿತು. 1966ರಲ್ಲಿ ಕೆನಡಾದಲ್ಲಿಯೂ ಕಾರು ತಯಾರಿಕೆ ನಿಂತು ಆ ಹೆಸರೇ ಅಳಿಯಿತು. ಗಾಡಿಯ ಮುಂಭಾಗದ ಅಂಕಿಮುಳ್ಳುಗಳ ಹಲಗೆಗೆ ಇಂದಿಗೂ 'ಡ್ಯಾಶ್‌ಬೋರ್ಡ್' ಎನ್ನುತ್ತಾರಷ್ಟೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರನ್ನು ತಡೆಯಲು ಬಂಡಿಗೆ ಹೊಡೆಯುತ್ತಿದ್ದ ಹಲಗೆಯ ಹೆಸರು ಅದು. ಕೆಸರು ಹೋಯಿತು, ಹೆಸರು ಉಳಿಯಿತು.

ಅಮೆರಿಕದ ಗಾಡಿಗಳೇ ನಮ್ಮ ದೇಶದಲ್ಲಿ ಅಷ್ಟು ಹೇರಳವಾಗಿ ಹೇಗೆ ಬಂದವು? ಹೆನ್ರಿ ಫೋರ್ಡನ 'ಮಾಡೆಲ್ ಟಿ' ಎಂಬ ಗಾಡಿಯು 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಯಿತು. 1913ರಲ್ಲಿ ಅವನು ಚಲಿಸುವ ಜೋಡಣೆಯ ಸಾಲನ್ನು ಆರಂಭಿಸಿದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ ಜೋಡಣೆಯು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ 850 ಡಾಲರಿನಿಂದ 300ರ ಕೆಳಗೆ ಇಳಿಯಿತು. ಆ ಗಾಡಿಯು ಕಚ್ಚಾ ರಸ್ತೆಗೆ ತಕ್ಕಂತೆ ನೆಲದಿಂದ ಎತ್ತರವಾಗಿತ್ತು. ಹಳ್ಳಿಯ ಕಮ್ಮಾರನು ಬಿಚ್ಚಿ ಕಟ್ಟಬಹುದಾದಷ್ಟು ಸರಳವಾಗಿತ್ತು. ಪೆಟ್ರೋಲ್ ಟಾಂಕಿ ಮುಂದಿನ ಆಸನದ ಕೆಳಗಿದ್ದು ಇಂಧನವು ಬರಿಯ ಭಾರದಿಂದಲೇ ಇಂಜಿನ್ನಿಗೆ ಹರಿಯುತ್ತಿದ್ದುದರಿಂದ, ಟಾಂಕಿಯಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿಸಬೇಕಾಗುತ್ತಿತ್ತಂತೆ. ಕೆನಡಾದ ಫೋರ್ಡ್ ಸಂಸ್ಥೆಯು ಬಲಗಡೆ ಚಾಲನಚಕ್ರವುಳ್ಳ ಗಾಡಿಗಳನ್ನು ಬ್ರಿಟಿಷ್ ಸಾಮ್ರಾಜ್ಯದ ನಾಡುಗಳಿಗೆ ಒದಗಿಸುತ್ತಿತ್ತು. ಅದರ ಶಾಖೆಯಾಗಿ 1926ರಲ್ಲಿ ಮುಂಬಯಿಯಲ್ಲಿ ಫೋರ್ಡ್ ಇಂಡಿಯಾ ಸ್ಥಾಪನೆಯಾಯಿತು. 1928ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಮುಂಬಯಿಯ ಸೇವ್ರಿಯಲ್ಲಿ ತನ್ನ ಜೋಡಣೆಯ ಕಾರಖಾನೆಯನ್ನು ತೆರೆಯಿತು. ಹಡಗಿನಲ್ಲಿ ಬಂದ ಬಿಡಿಭಾಗಗಳು ಅಲ್ಲಿ ಗಾಡಿಗಳಾಗಿ ಹೊರಬೀಳುತ್ತಿದ್ದವು. ಸ್ವತಂತ್ರ ಭಾರತದ ಸರಕಾರವು ದೇಶೀಯ ತಯಾರಿಕೆಗೆ ಒತ್ತು ಕೊಟ್ಟಾಗ 1953-54ರ ಹೊತ್ತಿಗೆ ಇವೆರಡೂ ಇಲ್ಲಿಂದ ಗಂಟುಕಟ್ಟಿದವು. ಮುಂಬಯಿಯ ಪ್ರೀಮಿಯರ್ ಸಂಸ್ಥೆಯು 1947ರಿಂದ ಡಾಡ್ಜ್, ಪ್ಲೈಮೌತ್, ಡಿಸೋಟೊ ಗಾಡಿಗಳನ್ನೂ, ಹಿಂದುಸ್ಥಾನ ಮೋಟಾರ್ಸ್ ಸಂಸ್ಥೆಯು ಸ್ಟೂಡಿಬೇಕರನ್ನೂ ಜೋಡಿಸಿದವು. ನಮ್ಮ ಸೀಮೆಯು ಅಂದು ಮುಂಬಯಿ ಪ್ರಾಂತದೊಡನೆ ಬೆಸೆದುಕೊಂಡಿದ್ದುದರಿಂದ ಈ ಗಾಡಿಗಳು ಇತ್ತ ಬಂದುದರಲ್ಲಿ ಆಶ್ಚರ್ಯವಿಲ್ಲ. ಜಮಖಂಡಿಯ ಪಟವರ್ಧನರ ಮತ್ತು ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು 1948ರಲ್ಲಿ ವಿಲೀನವಾದ ಮೇಲೆ ಕಾರೆಂಬುದು ಅರಮನೆಯ ಅಂಗಳದಿಂದ ಬೆಲ್ಲದ ವ್ಯಾಪಾರಿಯ, ನೂಲಿನ ಸಾಹುಕಾರನ ಅಂಗಳಕ್ಕೂ ನಡೆದುಬಂದಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಓಲೆಯ ಗ್ರಂಥವು ಒಂದರಂತೆ ಒಂದಿರುವುದಿಲ್ಲ. ಪ್ರತಿಯೊಬ್ಬ ಲಿಪಿಕಾರನ ಕೈಯಲ್ಲಿ ಅದು ಬೇರೆಯಾಗುತ್ತದೆ. ಅಚ್ಚಿನ ಪುಸ್ತಕವಾದರೋ ಸಾವಿರ ಪ್ರತಿಯೂ ಒಂದೇ. ಫೋರ್ಡನ ಸಾಲಿನಿಂದ ಹೊರಬಿದ್ದ ಗಾಡಿಯು ಅಚ್ಚಿನ ಪುಸ್ತಕದಂಥದು. ಆದರೆ ಕೊಂಡವನ ಮನೆಯನ್ನು ಹೊಕ್ಕ ಗಳಿಗೆಯಿಂದ ಅದು ಕೈಬರಹದ ಪ್ರತಿಯಾಗತೊಡಗುತ್ತದೆ. ಒಬ್ಬನು ದೀಪವನ್ನು ಬದಲಿಸುತ್ತಾನೆ, ಇನ್ನೊಬ್ಬನು ಬಣ್ಣವನ್ನು. ಮೂರನೆಯವನು ಮುರಿದ ಪಾಟಾಕ್ಕೆ ಲಾರಿಯ ಪಾಟಾವನ್ನು ಕತ್ತರಿಸಿ ಹಾಕುತ್ತಾನೆ. ಎಪ್ಪತ್ತು ವರ್ಷಗಳ ಅನಂತರ ಅದನ್ನು ಬಿಚ್ಚಲು ಕುಳಿತವನ ಮುಂದಿರುವುದು ಪಾಠಾಂತರಗಳ ರಾಶಿ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ?

ಈ ವಿವೇಚನೆಗೆ ಸಾಮಾನ್ಯ ಜಾಣತನ ಸಾಲದು, ಕಾಲಜ್ಞಾನ ಬೇಕು. ಕೆಲವು ನಿದರ್ಶನಗಳನ್ನು ಕೊಡುತ್ತೇನೆ. 1920ರ ದಶಕದ ಗಾಡಿಯೊಂದರ ಮುಂಭಾಗದ ಲೋಹದ ಚೌಕಟ್ಟನ್ನು ಕನ್ನಡಿಯಂತೆ ಹೊಳೆಯುವ ಕ್ರೋಮಿನಿಂದ ಲೇಪಿಸಿದ್ದರೆ ನೋಡಿದವರು ಹೊಗಳುತ್ತಾರೆ. ಆದರೆ ಆ ದಶಕದ ಕೊನೆಯವರೆಗೂ ಬಳಕೆಯಲ್ಲಿದ್ದುದು ನಿಕ್ಕಲ್ ಲೇಪ. ಅದರ ಹೊಳಪಿನಲ್ಲಿ ತುಸು ಹಳದಿಯ ಛಾಯೆಯಿರುತ್ತದೆ. ಕ್ರೋಮಿನ ಹೊಳಪು, ಪಂಪನ ಗ್ರಂಥದಲ್ಲಿ ಹೊಸಗನ್ನಡದ ಪ್ರತ್ಯಯವಿದ್ದಂತೆ, ಬಲ್ಲವನ ಕಣ್ಣಿಗೆ ಚುಚ್ಚುತ್ತದೆ. ಬಣ್ಣದ ಮಾತೂ ಹಾಗೆಯೇ. ಎಣ್ಣೆಯ ವಾರ್ನಿಷಿನ ಬಣ್ಣವು ಪದರ ಪದರವಾಗಿ ಒಣಗಲು ವಾರಗಳು ಬೇಕಾಗಿದ್ದವು. 1923ರಲ್ಲಿ ಡ್ಯೂಪಾಂಟ್ ಸಂಸ್ಥೆಯ 'ಡ್ಯೂಕೊ' ಎಂಬ ಬೇಗ ಒಣಗುವ ಬಣ್ಣವು ಬಂದ ಮೇಲೆ ಗಾಡಿಗಳಿಗೆ ನಾನಾ ವರ್ಣಗಳು ಸುಲಭವಾದವು. ಫೋರ್ಡನು 1914ರಿಂದ 1925ರವರೆಗೆ ಕಪ್ಪನ್ನೊಂದೇ ಕೊಟ್ಟದ್ದಕ್ಕೆ ಆ ಬಣ್ಣವು ಬೇಗ ಒಣಗುತ್ತಿದ್ದುದೂ ಒಂದು ಕಾರಣವೆನ್ನುವರು. ಇನ್ನು ದೇಹದ ವಿಷಯ. 1930ರ ದಶಕದ ನಡುವಿನವರೆಗೆ ಅನೇಕ ಅಮೆರಿಕನ್ ಗಾಡಿಗಳ ತಗಡಿನ ಒಳಗೆ ಮರದ ಚೌಕಟ್ಟಿರುತ್ತಿತ್ತು. ತಗಡು ತುಕ್ಕು ಹಿಡಿಯುವ ಮೊದಲೇ ಒಳಗಿನ ಮರವು ಗೆದ್ದಲಿಗೆ ಆಹಾರವಾಗಿರುತ್ತದೆ. ಬಾಗಿಲು ಜೋತುಬಿದ್ದಿದೆಯೆಂದು ಕೀಲನ್ನು ಬಿಗಿಯುವವನು ಮೂರ್ಖ. ಅಲ್ಲಿ ಬೇಕಾಗಿರುವುದು ಮಿಸ್ತ್ರಿಯಲ್ಲ, ಬಡಿಗ.

ಅಷ್ಟೇ ಹಳೆಯ ಇಂಜಿನ್ನುಗಳಲ್ಲಿ ದಂಡವು ತಿರುಗುವ ಬೇರಿಂಗುಗಳನ್ನು ಇಂದಿನಂತೆ ಪೊಟ್ಟಣ ಒಡೆದು ಕೂಡಿಸುವಂತಿರಲಿಲ್ಲ. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬುವನು ಕಂಡುಹಿಡಿದ, ತವರ, ಆಂಟಿಮನಿ, ತಾಮ್ರಗಳು ಬೆರೆತ ಬಿಳಿಯ ಮಿಶ್ರಲೋಹವನ್ನು ಕರಗಿಸಿ ಆಯಾ ಇಂಜಿನ್ನಿನಲ್ಲಿಯೇ ಎರಕ ಹೊಯ್ಯಬೇಕು. ಆಮೇಲೆ ದಂಡಕ್ಕೆ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ಬಣ್ಣ ತಗಲಿತೋ ಅಲ್ಲಿ ಮಾತ್ರ ಕೂದಲೆಳೆಯಷ್ಟು ಹೆರೆಯಬೇಕು. ಪತ್ತಾರನ ಕೈ ಬೇಕಾದ ಕೆಲಸವಿದು. ಬಲ್ಲವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ.

ನಮ್ಮ ವಿದ್ಯಾರ್ಥಿಯ ಡಾಡ್ಜ್ ಅಷ್ಟು ಹಳೆಯದಲ್ಲ. ಆದರೂ ಅದು ಅವನಿಗೆ ಮೊದಲ ದಿನವೇ ಪಾಠ ಕಲಿಸಿತು. ಬಲಗಡೆಯ ಗಾಲಿಗಳನ್ನು ಸರಾಗವಾಗಿ ಬಿಚ್ಚಿದವನು ಎಡಗಡೆಯ ಗಾಲಿಗೆ ಬಂದಾಗ ಬೋಲ್ಟುಗಳು ಜಪ್ಪೆನ್ನಲಿಲ್ಲ. ಪಾನಾಕ್ಕೆ ಉದ್ದನೆಯ ಕೊಳವೆಯನ್ನು ತೊಡಿಸಿ ಇಬ್ಬರು ಒತ್ತಿದಾಗ ಒಂದು ಬೋಲ್ಟು ಮುರಿದೇ ಹೋಯಿತು. ಆಮೇಲೆ ತಿಳಿದದ್ದೇನೆಂದರೆ, ಕ್ರೈಸ್ಲರ್ ಬಳಗದ ಆ ಕಾಲದ ಗಾಡಿಗಳಲ್ಲಿ ಎಡಗಡೆಯ ಗಾಲಿಗಳ ಬೋಲ್ಟುಗಳಿಗೆ ಎಡಮುರಿಯ ಸುತ್ತು; ಗಾಲಿಯ ತಿರುಗುವಿಕೆಯಿಂದ ಅವು ಸಡಿಲಾಗದಿರಲಿ ಎಂಬುದು ಅದನ್ನು ರಚಿಸಿದವರ ಉದ್ದೇಶ. ಬಂಡಿಯ ಗಾಲಿ ಕಳಚದಿರಲು ಕಡೆಗೀಲನ್ನು ಇಟ್ಟವರ ಚಿಂತೆಯೇ ಇಲ್ಲಿಯೂ ಕೆಲಸಮಾಡಿದೆ. ಬ್ಯಾಟರಿಯ ವಿಷಯದಲ್ಲಿಯೂ ಹಾಗೆಯೇ. ಇಂದಿನ ಗಾಡಿಗಳಲ್ಲಿ 12 ವೋಲ್ಟು, ಋಣಧ್ರುವವು ಗಾಡಿಯ ಮೈಗೆ. ಅದರಲ್ಲಿ 6 ವೋಲ್ಟು, ಧನಧ್ರುವವು ಮೈಗೆ. ಅರ್ಥವಾಗದ ಪ್ರಯೋಗವನ್ನು ಕಂಡ ಕೂಡಲೇ ಲಿಪಿಕಾರನ ತಪ್ಪೆಂದು ತಿದ್ದುವ ಸಂಪಾದಕನೂ, ಕೊಳವೆ ತೊಡಿಸಿ ಒತ್ತಿದ ನನ್ನ ಶಿಷ್ಯನೂ ಒಂದೇ ಜಾತಿಯವರು.

ಇದನ್ನು ನಾನು ಬೇರೆಯವರನ್ನು ದೂರಲು ಹೇಳುತ್ತಿಲ್ಲ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಮ್ಮ ಗುರುಗಳು ಶ್ರೀಕೃಷ್ಣ ಪಾರಿಜಾತದ ಹಾಡುಗಳ ಒಂದು ಕೈಬರಹದ ಪ್ರತಿಯನ್ನು ನಕಲುಮಾಡಲು ನನ್ನ ಕೈಗೆ ಕೊಟ್ಟಿದ್ದರು. ಮುಧೋಳದ ಕಡೆಯ ಒಂದು ಹಳ್ಳಿಯ ಮನೆತನದ್ದು. ಆಟ ಆಡುವವರೇ ಬರೆದಿಟ್ಟುಕೊಂಡದ್ದು. ಅದರ ತುಂಬ ಆಡುಮಾತಿನ ರೂಪಗಳು. ವ್ಯಾಕರಣವನ್ನು ಹೊಸದಾಗಿ ಓದಿದ ಮದದಲ್ಲಿ ನಾನು ಆ ರೂಪಗಳನ್ನೆಲ್ಲ ಶುದ್ಧಗೊಳಿಸಿ, ದುಂಡನೆಯ ಅಕ್ಷರಗಳಲ್ಲಿ ನಕಲನ್ನು ಒಪ್ಪಿಸಿದೆ. ಗುರುಗಳು ಪುಟಗಳನ್ನು ತಿರುವಿಹಾಕಿ ಏನೂ ಮಾತನಾಡಲಿಲ್ಲ. ಮೂಲವನ್ನು ಆ ಮನೆಯವರಿಗೆ ಹಿಂದಿರುಗಿಸಲಾಯಿತು. ಕೆಲವು ವರ್ಷಗಳ ಅನಂತರ ಅಲ್ಲಿಗೆ ಹೋಗಿ ಕೇಳಿದಾಗ, ಮಾಳಿಗೆಯ ಮೇಲಿದ್ದ ಆ ಪುಸ್ತಕವನ್ನು ಗೆದ್ದಲು ತಿಂದಿತ್ತು. ಉಳಿದಿರುವುದು ನನ್ನ ಶುದ್ಧ ಪ್ರತಿ ಮಾತ್ರ. ಆ ಹಾಡುಗಾರರು ನಿಜವಾಗಿ ಏನೆಂದು ಹಾಡುತ್ತಿದ್ದರೆಂಬುದು ಈಗ ಯಾರಿಗೂ ತಿಳಿಯದು. ನಾನು ತಿದ್ದಿದ್ದು ಯಾವ ಶಬ್ದಗಳನ್ನು ಎಂಬುದು ನನಗೂ ನೆನಪಿಲ್ಲ.

ಈಗ ಶಿಷ್ಯನ ಸಂದೇಹಕ್ಕೆ ಬರುತ್ತೇನೆ. ಅವನ ಡಾಡ್ಜಿನಲ್ಲಿದ್ದುದು ಡಾಡ್ಜಿನ ಇಂಜಿನ್ ಅಲ್ಲ. ಸುಮಾರು ಮೂರೂವರೆ ಲೀಟರ್ ಗಾತ್ರದ, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನನ್ನು 1970ರ ದಶಕದಲ್ಲಿ ಅವನ ತಂದೆ ತೆಗೆಸಿ ಮಾರಿ, ಅದರ ಸ್ಥಾನದಲ್ಲಿ ಡೀಸೆಲ್ ಇಂಜಿನ್ನನ್ನು ಕೂಡಿಸಿದ್ದರು. 1973ರ ಅನಂತರ ಪೆಟ್ರೋಲಿನ ಬೆಲೆ ಏರಿದಾಗ ದೇಶದಲ್ಲೆಲ್ಲ ಅನೇಕರು ಹೀಗೆಯೇ ಮಾಡಿದರು. ಅಜ್ಜನ ವೈಭವದ ಕಾರು ಮಗನ ಬಾಡಿಗೆಯ ಗಾಡಿಯಾಯಿತು. ಬನಹಟ್ಟಿಯಿಂದ ಜಮಖಂಡಿಗೆ ಸೀರೆಯ ಗಂಟುಗಳನ್ನೂ, ಒಬ್ಬರ ಮೇಲೊಬ್ಬರಂತೆ ಕುಳಿತ ಪ್ರಯಾಣಿಕರನ್ನೂ ಹೊತ್ತು ಅದು ಹದಿನೈದು ವರ್ಷ ದುಡಿಯಿತು. ಆ ದುಡಿಮೆಯಿಂದಲೇ ಈ ಹುಡುಗನ ಶಾಲೆಯ ಫೀ ಸಂದಿತು.

2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಕ್ಕೆ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. 10 ವರ್ಷಗಳ ಅವಧಿ. ಪ್ರದರ್ಶನ, ರ‍್ಯಾಲಿ, ಸಂಶೋಧನೆ ಮೊದಲಾದವುಗಳಿಗೆ ಹೊರತು ದಿನನಿತ್ಯದ ಅಥವಾ ಬಾಡಿಗೆಯ ಓಡಾಟಕ್ಕೆ ಅನುಮತಿಯಿಲ್ಲ. ವಾಹನವು ಮೂಲರೂಪದಲ್ಲಿರಬೇಕು, ಚಾಸಿ, ಮೈ ಇಲ್ಲವೆ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು ಎಂಬುದು ಮುಖ್ಯವಾದ ಕಟ್ಟಳೆ. ಡೀಸೆಲ್ ಇಂಜಿನ್ ಇದ್ದರೆ ಈ ಕಟ್ಟಳೆಯ ಮುಂದೆ ಗಾಡಿ ನಿಲ್ಲುವುದಿಲ್ಲ. ಅದೇ ತರಹದ ಪೆಟ್ರೋಲ್ ಇಂಜಿನ್ ಒಂದು ಕೊಲ್ಹಾಪುರದ ಗುಜರಿಯಲ್ಲಿ ದೊರೆಯುವಂತಿತ್ತು. ಅವನು ನನ್ನ ಮುಂದೆ ಬಂದು ನಿಂತು ಕೇಳಿದ್ದು ಇಷ್ಟು: "ಗುರುಗಳ, ನಮ್ಮಪ್ಪ ಕೂಡಿಸಿದ್ದನ್ನ ತಗದ ಒಗದರ ಇದು ಅಸಲಿ ಆಗತೈತೇನ್ರಿ? ಇಲ್ಲಾ, ಅಪ್ಪನ ಹೆಸರ ಅಳಿಸಿಧಂಗ ಆಗತೈತೇನ್ರಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಗ್ರಂಥಸಂಪಾದನೆಯಲ್ಲಿ ಕಳೆದುಹೋದ ಗರಿಯ ಪಾಠವನ್ನು ಬೇರೊಂದು ಪ್ರತಿಯಿಂದ ತುಂಬಿಕೊಳ್ಳುವುದುಂಟು. ಆದರೆ ಹಾಗೆ ತುಂಬಿದ್ದನ್ನು ಕಂಸದಲ್ಲಿಟ್ಟು, ಎಲ್ಲಿಂದ ತಂದಿತೆಂದು ಅಡಿಯಲ್ಲಿ ಬರೆಯಲೇಬೇಕು. ಕೊಲ್ಹಾಪುರದ ಇಂಜಿನ್ ಅದೇ ಜಾತಿಯದಾದರೂ ಈ ಗಾಡಿಯದಲ್ಲ. ಅದರ ಮೇಲೆ ಒತ್ತಿದ ಸಂಖ್ಯೆಯೇ ಅದನ್ನು ಸಾರುತ್ತದೆ. ಆ ಸಂಖ್ಯೆಯನ್ನು ಉಜ್ಜಿ ಹಾಕಿ ಬೇರೆ ಸಂಖ್ಯೆಯನ್ನು ಕೆತ್ತುವವರೂ ಇದ್ದಾರೆಂದು ಕೇಳಿದ್ದೇನೆ. ಅದು ಜೀರ್ಣೋದ್ಧಾರವಲ್ಲ, ಕೂಟಶಾಸನ. ಕಾನೂನಿನ ಕಣ್ಣಿನಲ್ಲಿಯೂ ಅಪರಾಧ. ಇದಕ್ಕೆ ಹೋಲಿಸಿದರೆ, ಎರಡನೆಯ ಮಹಾಯುದ್ಧದ ಅನಂತರ ಕ್ಯಾಲಿಫೋರ್ನಿಯಾದ ತರುಣರು 1932ರ ಫೋರ್ಡಿನ ಎಂಟು ಸಿಲಿಂಡರಿನ ಗಾಡಿಗಳನ್ನು ಕಡಿದು ಕತ್ತರಿಸಿ ವೇಗದ 'ಹಾಟ್ ರಾಡ್'ಗಳನ್ನು ಕಟ್ಟಿಕೊಂಡದ್ದು ಎಷ್ಟೋ ಪ್ರಾಮಾಣಿಕವಾದುದು. ಹಳೆಯ ಕಥೆಯನ್ನು ತೆಗೆದುಕೊಂಡು ಹೊಸ ಕಾವ್ಯವನ್ನು ಬರೆದಂತೆ ಅದು. ಅಲ್ಲಿ ಮೂಲವೆಂಬ ಸೋಗಿಲ್ಲ.

ನಾವಿಬ್ಬರೂ ಈ ವಿಷಯವನ್ನು ಕುರಿತು ಮಾತನಾಡುತ್ತಿದ್ದಾಗ ಅವನ ತಾಯಿ ಚಹಾ ತಂದರು. ಎಂಬತ್ತರ ಹತ್ತಿರದ ವಯಸ್ಸು. ಮಗನ ಸಂದೇಹವನ್ನು ಕೇಳಿ ಅವರು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ, ಈ ಸಲ ಏನನ್ನೂ ತಿದ್ದದೆ: "ಆ ಇಂಜಿನ್ನಿನ ಸಪ್ಪಳ ಅಗಸಿ ಹಂತ್ಯಾಕ ಕೇಳಿದ ಮ್ಯಾಲೇ ನಾ ರೊಟ್ಟಿ ಹಂಚ ಒಲಿ ಮ್ಯಾಲ ಇಡತಿದ್ನಿ, ಮಾಸ್ತರ. ಪೆಟ್ರೋಲ ಇಂಜಿನ್ ಸಪ್ಪಳ ನನಗ ಗೊತ್ತಿಲ್ಲ."

ಹಿಂದಿನ ವರ್ಷ ನಾವಿಬ್ಬರೂ ಧರ್ಮಸ್ಥಳಕ್ಕೆ ಹೋಗಿ ಬಂದೆವು. 1968ರಲ್ಲಿ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಅಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ್ದು, ಓಲೆಗರಿಗಳು, ವಿಗ್ರಹಗಳು, ರಥಗಳು, ಯಂತ್ರಗಳು ಎಲ್ಲಕ್ಕೂ ಅವರ ಆಸಕ್ತಿಯಲ್ಲಿ ಸ್ಥಾನವಿದೆ. ಹಳೆಯ ಮೋಟಾರು ಗಾಡಿಗಳ ಅವರ ಸಂಗ್ರಹವು ನಾಡಿನಲ್ಲೇ ಹೆಸರಾದುದು. ಅದರಲ್ಲಿ ಸ್ಟೂಡಿಬೇಕರೂ ಉಂಟು. ಮೈಸೂರು–ಶ್ರೀರಂಗಪಟ್ಟಣದ ದಾರಿಯಲ್ಲಿ ಇತ್ತೀಚೆಗೆ ತೆರೆದ 'ಪಯಣ' ಎಂಬ ಕಾರುಗಳ ಸಂಗ್ರಹಾಲಯವೂ ಆ ಕ್ಷೇತ್ರದ ಆಶ್ರಯದ್ದೇ. ಒಂದೇ ಸೂರಿನಡಿಯಲ್ಲಿ ತೇರನ್ನೂ ಕಾರನ್ನೂ ಓಲೆಯನ್ನೂ ಕಂಡಾಗ, ಇವೆಲ್ಲ ಒಬ್ಬನೇ ಮನುಷ್ಯನ ಕೈಯ ಕೆಲಸಗಳೆಂಬ ಭಾವನೆ ನನಗೆ ಬಂದಿತು. ಶಿಷ್ಯನಾದರೋ ಮಂಡಿಯೂರಿ ಗಾಡಿಗಳ ಅಡಿಯನ್ನು ಇಣುಕಿ ನೋಡುವುದರಲ್ಲಿಯೇ ಮಗ್ನನಾಗಿದ್ದನು. ಕಾವಲುಗಾರನು ಎರಡು ಬಾರಿ ಎಬ್ಬಿಸಬೇಕಾಯಿತು.

ಮರಳಿ ಬಂದವನು ಕೊಲ್ಹಾಪುರದ ಇಂಜಿನ್ನನ್ನು ತಂದನು. ಅದು ಬಿಗಿದುಕೊಂಡು ಕುಳಿತಿತ್ತು. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿಯೊಂದು ಸಿಲಿಂಡರಿಗೂ ಸೀಮೆಎಣ್ಣೆ ಬೆರೆಸಿದ ಇಂಜಿನ್ ಎಣ್ಣೆಯನ್ನು ಹೊಯ್ದು, ಇಪ್ಪತ್ತು ದಿನ ಅದನ್ನು ಮುಟ್ಟದೆ ಬಿಟ್ಟನು. ಎಡಮುರಿಯ ಬೋಲ್ಟು ಕಲಿಸಿದ ತಾಳ್ಮೆ ಅದು. ಇಪ್ಪತ್ತೊಂದನೆಯ ದಿನ ಹಿಡಿಕೆಯಿಂದ ಮೆಲ್ಲನೆ ಒತ್ತಿದಾಗ ಒಂದು ಬೆರಳಿನಷ್ಟು ತಿರುಗಿತು. ವಾಲ್ವಿನ ಬುಶ್ಶುಗಳನ್ನು ಮಗ್ಗದ ಬುಶ್ಶುಗಳನ್ನು ಕಡೆಯುವ ಅದೇ ಲೇಥಿನಲ್ಲಿ ಕಡೆದುಕೊಂಡನು. ಮೈಯ ತಗಡಿನಲ್ಲಿ ಕೊಳೆತದ್ದನ್ನಷ್ಟೇ ಕತ್ತರಿಸಿ ತೇಪೆ ಹಾಕಿದನು. ಬಾಗಿಲಿನ ಒಳಮಗ್ಗುಲಲ್ಲಿ ತಂದೆ ಸುಣ್ಣದಿಂದ ಬರೆದಿದ್ದ ಬಾಡಿಗೆಯ ಲೆಕ್ಕವು ಮಾಸದೆ ಉಳಿದಿತ್ತು. ಅದನ್ನು ಒರೆಸಕೂಡದೆಂದು ಬಣ್ಣ ಹೊಡೆಯುವವನಿಗೆ ತಾಕೀತು ಮಾಡಿ, ಅಲ್ಲಿ ಬಣ್ಣವನ್ನೇ ಬಿಡಿಸಿದನು.

ನನ್ನ ಸಲಹೆಯೆಂದು ಹೇಳಿಕೊಳ್ಳಬಹುದಾದುದು ಒಂದೇ. ನೂರು ಪುಟದ ಒಂದು ನೋಟುಪುಸ್ತಕವನ್ನು ಅವನಿಗೆ ಕೊಟ್ಟು, ಏನನ್ನು ತೆಗೆದೆ, ಏನನ್ನು ಹಾಕಿದೆ, ಎಲ್ಲಿಂದ ತಂದೆ, ಯಾವ ದಿನ ಎಂಬುದನ್ನೆಲ್ಲ ಬರೆದಿಡುವಂತೆ ಹೇಳಿದೆ. ಅರವತ್ತೆರಡು ಪುಟಗಳು ತುಂಬಿವೆ. ಅಕ್ಷರಗಳು ಶಾಲೆಯಲ್ಲಿದ್ದಾಗಿನಷ್ಟೇ ವಕ್ರವಾಗಿವೆ; ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಅವನಿಗೆ ಇನ್ನೂ ಬಂದಿಲ್ಲ. ನಾನು ತಿದ್ದಿಲ್ಲ. ಮೊದಲ ಪುಟದಲ್ಲಿ ಕೊಲ್ಹಾಪುರದ ಇಂಜಿನ್ನಿನ ಸಂಖ್ಯೆಯೂ, ಅದು ಈ ಗಾಡಿಯೊಡನೆ ಹುಟ್ಟಿದ್ದಲ್ಲವೆಂಬ ಮಾತೂ ಇವೆ. ನೋಂದಣಿಗೆ ಅರ್ಜಿ ಹಾಕುವಾಗ ಆ ಪುಟದ ನಕಲನ್ನೂ ಲಗತ್ತಿಸುವೆನೆಂದು ಹೇಳಿದ್ದಾನೆ. ಅಧಿಕಾರಿಗಳು ಒಪ್ಪುವರೋ ಬಿಡುವರೋ ಇನ್ನೂ ತಿಳಿಯದು.

ಡೀಸೆಲ್ ಇಂಜಿನ್ ಗುಜರಿಗೆ ಹೋಗಲಿಲ್ಲ. ಚಪ್ಪರದ ಮೂಲೆಯಲ್ಲಿ ಸಿಮೆಂಟಿನ ಕಟ್ಟೆಯೊಂದನ್ನು ಕಟ್ಟಿಸಿ, ಅದರ ಮೇಲೆ ಅದನ್ನು ಬೋಲ್ಟುಗಳಿಂದ ಬಿಗಿದಿದ್ದಾನೆ. ಡಬ್ಬಿಯಿಂದ ಡೀಸೆಲ್ ಹರಿಯುವಂತೆ ಕೊಳವೆಯನ್ನೂ ಜೋಡಿಸಿದ್ದಾನೆ. ಕಳೆದ ಖಂಡೇಪೂಜೆಯ ದಿನ ನನಗೂ ಕರೆಯಿತ್ತು. ಮೊದಲು ಡಾಡ್ಜಿಗೆ ಹಾರ ಹಾಕಿ ಚಾಲೂ ಮಾಡಿದರು. ಸದ್ದು ಕೇಳಿಸೀತೋ ಇಲ್ಲವೋ ಎಂಬಷ್ಟು ಮೆದುವಾಗಿತ್ತು. ಅನಂತರ ಕಟ್ಟೆಯ ಮೇಲಿನ ಇಂಜಿನ್ನಿಗೂ ಹಾರ ಹಾಕಿದರು. ಅದು ಹೊಗೆಯುಗುಳಿ, ತಗಡುಗಳೆಲ್ಲ ನಡುಗುವಂತೆ ಗುಡುಗಿತು. ಒಳಗೆ ಕಡುಬು ಕರಿಯುತ್ತಿದ್ದ ತಾಯಿ ಜಾರವನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.